ಕರಾರಿನ ಕಾಗದವೂ ಪಿಸುಮಾತಿನ ಕಾಲವೂ



ಈ ಸಲದ ಬರಹದ ವಿಷಯ ಕೆಲವರಿಗೆ ದೂರದ್ದೆನಿಸಬಹುದು. ಫಾರ್ಮುಲಾ ಒನ್ ಎಂಬ ಕಾರು ಪಂದ್ಯ ನಮ್ಮ ಊರುಗಳ ಕಟ್ಟೆಯ ಮಾತಿನಲ್ಲಿ ಬರುವಂಥದ್ದಲ್ಲ. ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನಿಂದಾಗಿ ಕೆಲವು ವರ್ಷಗಳಿಂದ ನಾನು ಅದನ್ನು ಗಮನಿಸುತ್ತ ಬಂದಿದ್ದೇನೆ. ಅವನಿಗೆ ಕಾರುಗಳ ವೇಗ ಪ್ರಿಯ. ನನ್ನ ಮನಸ್ಸು ಪಂದ್ಯಕ್ಕಿಂತ ಹೆಚ್ಚಾಗಿ ಎರಡು ಪಂದ್ಯಗಳ ನಡುವಣ ದಿನಗಳಲ್ಲಿ ನಡೆಯುವ ವಿದ್ಯಮಾನದ ಮೇಲೆ ನೆಟ್ಟಿತು. ಒಬ್ಬ ಚಾಲಕ ನಾಲ್ಕಾರು ಪಂದ್ಯಗಳಲ್ಲಿ ಹಿಂದೆ ಬಿದ್ದನೆಂದರೆ, ಅವನ ಕರಾರು ಉಳಿಯುವುದೋ ಹರಿಯುವುದೋ ಎಂಬ ಚರ್ಚೆ ಆರಂಭವಾಗುತ್ತದೆ. ತಂಡದ ಹಿರಿಯರು ಒಂದು ದಿನ ಭರವಸೆಯ ಮಾತಾಡುತ್ತಾರೆ, ಮರುದಿನ ಅರ್ಧ ಮಾತಾಡಿ ನಿಲ್ಲಿಸುತ್ತಾರೆ. ಉಳಿದರ್ಧವನ್ನು ಪತ್ರಕರ್ತರು ತುಂಬಿಸಿಕೊಳ್ಳುತ್ತಾರೆ. ಆ ಅರ್ಧ ಮಾತಿನ ಕೆಳಗೆ ಕುಳಿತು ಒಬ್ಬ ಮನುಷ್ಯ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಬೇಕು.

ಪಂದ್ಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಪ್ರತಿಯೊಂದು ತಂಡಕ್ಕೂ ಎರಡು ಕಾರು, ಇಬ್ಬರು ಚಾಲಕರು. ತಂಡದಿಂದ ತಂಡಕ್ಕೆ ಕಾರುಗಳ ಶಕ್ತಿ ಬೇರೆಯಾಗಿರುವುದರಿಂದ ಒಬ್ಬ ಚಾಲಕನ ನಿಜವಾದ ಅಳತೆ ದೊರೆಯುವುದು ಅವನ ಜೊತೆಗಾರನಿಂದ ಮಾತ್ರ. ಅದೇ ಕಾರು, ಅದೇ ದಿನ, ಅದೇ ಹಾದಿ. ಅವನು ಎಲ್ಲಿ, ನೀನೆಲ್ಲಿ ಎಂಬುದೇ ಲೆಕ್ಕ. ಇಬ್ಬರೂ ಗಳಿಸಿದ ಅಂಕಗಳ ಮೊತ್ತದಿಂದ ತಂಡದ ಸ್ಥಾನ ನಿರ್ಧಾರವಾಗುತ್ತದೆ, ಆ ಸ್ಥಾನಕ್ಕನುಗುಣವಾಗಿ ಹಣ ಹಂಚಿಕೆಯಾಗುತ್ತದೆ. ಇನ್ನೊಂದು ವಿಷಯವನ್ನು ಹೊರಗಿನವರು ಬಹುಮಟ್ಟಿಗೆ ಅರಿಯರು. ಉಳಿದ ಆಟಗಳಲ್ಲಿ ಸೋತವನು ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಹೋಗಬಹುದು. ಬ್ಯಾಟು ಕೈಯಲ್ಲಿರುತ್ತದೆ, ನೆಟ್ ಇರುತ್ತದೆ. ಇಲ್ಲಿ ಖರ್ಚು ಹತೋಟಿಗೆಂದು ಋತುವಿನ ನಡುವಣ ಮುಕ್ತ ಅಭ್ಯಾಸವನ್ನು 2009ರಿಂದ ನಿಲ್ಲಿಸಲಾಗಿದೆ. ಸೋತ ಚಾಲಕ ಆ ಕಾರಿನಲ್ಲಿ ಮತ್ತೆ ಕೂರುವುದು ಬಹುತೇಕ ಮುಂದಿನ ಪಂದ್ಯದ ಶುಕ್ರವಾರದಂದೇ. ನಡುವೆ ಅವನಿಗಿರುವುದು ಕಂಪ್ಯೂಟರಿನಲ್ಲಿ ಕಾರಿನ ಅನುಕರಣೆ ಮತ್ತು ತನ್ನ ಬಗ್ಗೆ ಬರುವ ಸುದ್ದಿ.

ಆಸ್ಟ್ರೇಲಿಯಾದ ಡೇನಿಯಲ್ ರಿಕಾರ್ಡೊ ಅವರ ಕಥೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಮೊದಲ ಪುಟದಲ್ಲಿ ಭಾರತೀಯರೊಬ್ಬರಿದ್ದಾರೆ. ಫಾರ್ಮುಲಾ ಒನ್‌ನಲ್ಲಿ ಓಡಿಸಿದ ಮೊದಲ ಭಾರತೀಯರಾದ ನಾರಾಯಣ್ ಕಾರ್ತಿಕೇಯನ್ 2011ರಲ್ಲಿ ಎಚ್‌ಆರ್‌ಟಿ ಎಂಬ ಸಣ್ಣ ತಂಡದಲ್ಲಿದ್ದರು. ಎಂಟು ಪಂದ್ಯಗಳಾದ ಮೇಲೆ ಋತುವಿನ ನಡುವೆಯೇ ಅವರನ್ನು ಇಳಿಸಿ, ರೆಡ್ ಬುಲ್ ಸಂಸ್ಥೆಯ ಬೆಂಬಲವಿದ್ದ ಯುವಕನೊಬ್ಬನನ್ನು ಬ್ರಿಟನ್ನಿನ ಪಂದ್ಯದಲ್ಲಿ ಕೂರಿಸಲಾಯಿತು. ಆ ಯುವಕನೇ ರಿಕಾರ್ಡೊ. ಕಾರ್ತಿಕೇಯನ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಡೆದ ಮೊದಲ ಭಾರತೀಯ ಪಂದ್ಯಕ್ಕೆ ಮರಳಿದರಾದರೂ, ಅದಕ್ಕಾಗಿ ಆ ತಂಡದ ಇನ್ನೊಬ್ಬ ಚಾಲಕ ಕೆಳಗಿಳಿಯಬೇಕಾಯಿತು. ಈ ಆಟದಲ್ಲಿ ಖಾಲಿ ಕುರ್ಚಿ ಎಂಬುದು ಅಪರೂಪ; ಒಬ್ಬರು ಎದ್ದ ಮೇಲೆಯೇ ಇನ್ನೊಬ್ಬರು ಕೂರುವುದು.

ರಿಕಾರ್ಡೊ ಸಾಮಾನ್ಯ ಚಾಲಕರಲ್ಲ. 2014ರಲ್ಲಿ, ನಾಲ್ಕು ಬಾರಿಯ ವಿಶ್ವಚಾಂಪಿಯನ್ ಸೆಬಾಸ್ಟಿಯನ್ ವೆಟಲ್ ಅವರಿಗೆ ಜೊತೆಗಾರರಾಗಿ, ಅವರನ್ನೇ ಹಿಂದಿಕ್ಕಿ ಮೂರು ಪಂದ್ಯ ಗೆದ್ದವರು. 2021ರಲ್ಲಿ ಮೆಕ್‌ಲಾರೆನ್ ತಂಡಕ್ಕೆ ಬಂದರು. ಆ ಕಾರು ಅವರ ಕೈಗೆ ಒಗ್ಗಲಿಲ್ಲ. ಆ ವರ್ಷ ಇಟಲಿಯ ಮೊಂಜಾದಲ್ಲಿ ಗೆದ್ದರು, 2012ರ ನಂತರ ಆ ತಂಡಕ್ಕೆ ಬಂದ ಮೊದಲ ಗೆಲುವು ಅದು. ಆದರೂ 2022ರ ಮೇ ತಿಂಗಳಲ್ಲಿ ತಂಡದ ಮುಖ್ಯಸ್ಥ ಜಾಕ್ ಬ್ರೌನ್ ಬಹಿರಂಗವಾಗಿ, ನಿರೀಕ್ಷೆಗಳು ಈಡೇರಿಲ್ಲವೆಂದೂ, ಕರಾರಿನಲ್ಲಿ ಬೇರ್ಪಡಲು ದಾರಿಗಳಿವೆಯೆಂದೂ ಅರ್ಥ ಬರುವ ಮಾತಾಡಿದರು. ರಿಕಾರ್ಡೊ ಜುಲೈನಲ್ಲಿ, ತಾನು 2023ರ ಕೊನೆಯವರೆಗೆ ತಂಡಕ್ಕೆ ಬದ್ಧನೆಂದು ತಾವೇ ಪ್ರಕಟಿಸಬೇಕಾಯಿತು. ಆಗಸ್ಟ್ 24ರಂದು ಇಬ್ಬರೂ ಬೇರ್ಪಡುವುದಾಗಿ ಘೋಷಣೆಯಾಯಿತು. ಆ ವರ್ಷ ಅವರು ಗಳಿಸಿದ್ದು 37 ಅಂಕ, ಜೊತೆಗಾರ ಲ್ಯಾಂಡೊ ನಾರಿಸ್ ಗಳಿಸಿದ್ದು 122. ಅಂಕಗಳ ಬಗ್ಗೆ ನನ್ನ ತಕರಾರಿಲ್ಲ, ಅವು ಸುಳ್ಳು ಹೇಳವು. ಆದರೆ ಮೇ ತಿಂಗಳ ಮಾತಿಗೂ ಆಗಸ್ಟಿನ ಘೋಷಣೆಗೂ ನಡುವೆ ಏಳು ಪಂದ್ಯಗಳ ಕಾಲ ಹರಿಯಿತು. ಪ್ರತಿ ಪಂದ್ಯದಲ್ಲೂ ಕಾರಿಳಿದ ಕೂಡಲೇ ಅವರಿಗೆದುರಾದ ಮೊದಲ ಪ್ರಶ್ನೆ ಯಾವುದಿದ್ದೀತೆಂದು ಊಹಿಸುವುದು ಕಷ್ಟವಲ್ಲ.

ಈ ಕರಾರುಗಳ ಸ್ವರೂಪವನ್ನು ತಿಳಿದರೆ ಇನ್ನಷ್ಟು ಆಶ್ಚರ್ಯವಾಗುತ್ತದೆ. ಪತ್ರಿಕೆಯಲ್ಲಿ ‘2026ರವರೆಗೆ ಕರಾರು’ ಎಂದು ಬರುತ್ತದೆ. ಒಳಗಿನ ಷರತ್ತುಗಳು ಹೊರಬರುವುದಿಲ್ಲ. ಜೊತೆಗಾರನಿಗಿಂತ ಇಂತಿಷ್ಟು ಅಂಕ ಹಿಂದೆ ಬಿದ್ದರೆ, ಇಂಥ ತಿಂಗಳ ಹೊತ್ತಿಗೆ ಇಂಥ ಸ್ಥಾನದಲ್ಲಿರದಿದ್ದರೆ, ತಂಡ ಬಿಡುಗಡೆ ಪಡೆಯಬಹುದು ಎಂಬಂಥ ಷರತ್ತುಗಳಿರುತ್ತವೆ. ಕೆಲವೊಮ್ಮೆ ಚಾಲಕನಿಗೂ ಹೊರಹೋಗುವ ದಾರಿಯಿರುತ್ತದೆ. 1991ರಲ್ಲಿ ಮೈಕಲ್ ಷೂಮಾಕರ್ ಅವರಿಗಾಗಿ ಎರಡು ತಂಡಗಳು ಕಿತ್ತಾಡಿದ ನಂತರ, ಯಾರ ಕರಾರು ಊರ್ಜಿತವೆಂದು ತೀರ್ಮಾನಿಸಲು ಜಿನೀವಾದಲ್ಲಿ ಒಂದು ಮಂಡಳಿಯನ್ನೇ ಸ್ಥಾಪಿಸಲಾಯಿತು. ರಿಕಾರ್ಡೊ ಅವರ ಜಾಗಕ್ಕೆ ಬಂದ ಆಸ್ಕರ್ ಪಿಯಾಸ್ಟ್ರಿಯ ವಿಷಯವೂ ಆ ಮಂಡಳಿಯ ಮುಂದೆ ಹೋಯಿತು. ಆಲ್ಪೈನ್ ತಂಡ 2022ರ ಆಗಸ್ಟ್ 2ರಂದು ಪಿಯಾಸ್ಟ್ರಿ ನಮ್ಮ ಚಾಲಕನೆಂದು ಸಾರಿತು. ಕೆಲವೇ ಗಂಟೆಗಳಲ್ಲಿ ಹುಡುಗ ತಾನೇ ಅದನ್ನು ನಿರಾಕರಿಸಿದ. ಸೆಪ್ಟೆಂಬರ್ 2ರಂದು ಮಂಡಳಿ ಮೆಕ್‌ಲಾರೆನ್ ಪರವಾಗಿ ತೀರ್ಪಿತ್ತಿತು. ತಂಡಗಳ ನಡುವೆ ನ್ಯಾಯ ಹೇಳಲು ಮಂಡಳಿಯಿದೆ. ‘ನಿನ್ನನ್ನು ಇಟ್ಟುಕೊಳ್ಳುತ್ತೇವೋ ಇಲ್ಲವೋ’ ಎಂಬುದನ್ನು ಇಂತಿಷ್ಟು ದಿನದೊಳಗೆ ತಿಳಿಸಬೇಕೆಂದು ಒತ್ತಾಯಿಸಲು ಯಾವ ಮಂಡಳಿಯೂ ಇದ್ದಂತೆ ಕಾಣಲಿಲ್ಲ.

ಈಗ ಮೆಕ್ಸಿಕೊ ದೇಶದ ಸರ್ಜಿಯೋ ಪೆರೆಜ್ ಅವರ ವಿಚಾರ. ಇವರ ಬಗ್ಗೆ ತುಸು ವಿಸ್ತಾರವಾಗಿ ಬರೆಯುವ ಆಸೆ ನನಗೆ. ವಿಜಯ್ ಮಲ್ಯ ಅವರ ಒಡೆತನದ ಫೋರ್ಸ್ ಇಂಡಿಯಾ ತಂಡಕ್ಕೆ 2014ರಲ್ಲಿ ಬಂದವರು ಇವರು. ನಮ್ಮ ಬೆಂಗಳೂರಿನ ಉದ್ಯಮಿಯ ತಂಡವೆಂಬ ಕಾರಣಕ್ಕೆ ಇಲ್ಲಿನ ಪತ್ರಿಕೆಗಳೂ ಆಗ ಅವರ ಹೆಸರನ್ನು ಅಷ್ಟಿಷ್ಟು ಬರೆದವು. 2018ರಲ್ಲಿ ತಂಡ ಸಾಲದಲ್ಲಿ ಮುಳುಗಿದಾಗ, ತಮಗೆ ಬರಬೇಕಾದ ಬಾಕಿಗಾಗಿ ಪೆರೆಜ್ ಕಾನೂನು ಕ್ರಮಕ್ಕೆ ಮುಂದಾದರು. ತಂಡವು ಆಡಳಿತಾಧಿಕಾರಿಯ ಕೈಗೆ ಹೋಗಿ ಮುಚ್ಚುವುದು ತಪ್ಪಲಿ, ಸುಮಾರು 400 ಜನರ ಕೆಲಸ ಉಳಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ಹಾಗೆಯೇ ಆಯಿತು, ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಮತ್ತು ಅವರ ಸಂಗಡಿಗರು ಕೊಂಡುಕೊಂಡರು. ಎರಡು ವರ್ಷಗಳ ನಂತರ, 2022ರವರೆಗೆ ಕರಾರಿದ್ದರೂ, ಅದೇ ತಂಡ ಪೆರೆಜ್ ಅವರನ್ನು ಬಿಟ್ಟು ವೆಟಲ್ ಅವರನ್ನು ಕರೆತಂದಿತು. ಇನ್ನೊಂದು ಕಾರಿನಲ್ಲಿದ್ದವರು ಒಡೆಯರ ಮಗ. ಆ ಕುರ್ಚಿಯ ಬಗ್ಗೆ ವದಂತಿಗಳು ಹುಟ್ಟಿದ್ದು ಕಡಿಮೆ!

ಅದೇ 2020ರ ಡಿಸೆಂಬರ್ 6ರಂದು ಬಹರೇನ್‌ನ ಸಾಖೀರ್ ಪಂದ್ಯದ ಮೊದಲ ಸುತ್ತಿನಲ್ಲಿ ಕೊನೆಯ ಸ್ಥಾನಕ್ಕೆ ಕುಸಿದ ಪೆರೆಜ್ ಅಲ್ಲಿಂದ ಎದ್ದು ಬಂದು ಗೆದ್ದರು. ಕೆಲಸವಿಲ್ಲದ ಮನುಷ್ಯ ಗೆದ್ದ ಪಂದ್ಯ ಅದು. ಡಿಸೆಂಬರ್ 18ರಂದು ರೆಡ್ ಬುಲ್ ತಂಡ ಅವರನ್ನು ಕರೆಯಿತು, ಆಲ್ಬನ್ ಎಂಬ ಯುವಕನನ್ನು ಇಳಿಸಿ.

ಮುಂದಿನ ಕಥೆ ಮ್ಯಾಕ್ಸ್ ವೆರ್‌ಸ್ಟಾಪೆನ್ ಎಂಬ ಅಸಾಧಾರಣ ಪ್ರತಿಭೆಯ ಪಕ್ಕದಲ್ಲಿ ಕುಳಿತವನ ಕಥೆ. 2023ರಲ್ಲಿ ಪೆರೆಜ್ 285 ಅಂಕ ಗಳಿಸಿ ವಿಶ್ವದಲ್ಲೇ ಎರಡನೆಯವರಾದರು. ಮೊದಲನೆಯವರಾದ ಜೊತೆಗಾರನ ಅಂಕ 575. ಎರಡನೆಯ ಸ್ಥಾನವೂ ಅರ್ಧ ಸೋಲಿನಂತೆ ಕಾಣುವ ಪರಿಸ್ಥಿತಿ ಅದು. 2024ರ ಮೊದಲ ಐದು ಪಂದ್ಯಗಳಲ್ಲಿ ನಾಲ್ಕರಲ್ಲಿ ಅವರು ಮೊದಲ ಮೂವರೊಳಗಿದ್ದರು. ಜೂನ್ 4ರಂದು ತಂಡ ಅವರ ಕರಾರನ್ನು 2026ರವರೆಗೆ ವಿಸ್ತರಿಸಿತು. ನಿಶ್ಚಿಂತೆಯಿಂದ ಓಡಿಸಲಿ ಎಂಬ ಭಾವನೆ ಅದರ ಹಿಂದಿತ್ತು. ಆಗಲೇ ಕುಸಿತ ಆರಂಭವಾಗಿತ್ತು. ಬೇಸಿಗೆಯ ವಿರಾಮದ ಹೊತ್ತಿಗೆ ವೆರ್‌ಸ್ಟಾಪೆನ್ 277, ಪೆರೆಜ್ 131. ಬೆಲ್ಜಿಯಂನಲ್ಲಿ ಎರಡನೆಯವರಾಗಿ ಹೊರಟು ಎಂಟನೆಯವರಾಗಿ ಗೆರೆ ದಾಟಿದರು. ಮರುದಿನ ಸೋಮವಾರ, ಅವರನ್ನು ತೆಗೆದೇ ಬಿಡುತ್ತಾರೆಂದು ಜಗತ್ತೆಲ್ಲ ಕಾದಿರುವಾಗ, ಅವರೇ ಮುಂದುವರಿಯುವರೆಂದು ತಂಡ ತಿಳಿಸಿತು.

ಉಳಿಸಿದರಲ್ಲವೇ, ಇನ್ನೇನು ಬೇಕು ಎನ್ನಬಹುದು. ಆದರೆ ಉಳಿದ ಹತ್ತು ಪಂದ್ಯಗಳಲ್ಲಿ ಪೆರೆಜ್ ಗಳಿಸಿದ್ದು ಕೇವಲ 21 ಅಂಕ. ತಮ್ಮದೇ ಊರಾದ ಮೆಕ್ಸಿಕೊದಲ್ಲಿ, ಹೆಸರು ಕೂಗುವ ಜನಸಾಗರದ ಮುಂದೆ, ಪಂದ್ಯ ಪೂರೈಸಿದವರಲ್ಲಿ ಕೊನೆಯವರಾದರು. ತೆಗೆಯುವುದಿಲ್ಲ ಎಂದು ಹೇಳಿದ ಮೇಲೂ ತೆಗೆಯುವ ಮಾತು ನಿಂತಿರಲಿಲ್ಲ. ಪ್ರತಿ ವಾರವೂ ಅವರ ಬದಲಿಗೆ ಯಾರು ಎಂಬ ಪಟ್ಟಿ ಪ್ರಕಟವಾಗುತ್ತಿತ್ತು, ಆ ಪಟ್ಟಿಯ ಹುಡುಗರು ಅದೇ ಸಂಸ್ಥೆಯ ಇನ್ನೊಂದು ತಂಡದಲ್ಲಿ ಎದುರಿಗೇ ಓಡಿಸುತ್ತಿದ್ದರು. 2024ರ ಡಿಸೆಂಬರ್ 18ರಂದು ಅವರ ನಿರ್ಗಮನ ಪ್ರಕಟವಾಯಿತು. ತಂಡಕ್ಕೆ ಕರೆದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ.

ಇದನ್ನೆಲ್ಲ ನಾನೇಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡೆನೆಂದು ಓದುಗರಿಗೆ ಅನ್ನಿಸಬಹುದು. ಎಂ.ಎ. ಮುಗಿಸಿದ ಮೇಲೆ ಕೆಲವು ವರ್ಷ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಆ ಹುದ್ದೆಯಲ್ಲಿದ್ದವರಿಗೆ ‘ಅತಿಥಿ’ ಎಂಬ ಶಬ್ದದ ಅರ್ಥ ಚೆನ್ನಾಗಿ ಗೊತ್ತು. ಪರೀಕ್ಷೆಗಳು ಮುಗಿದು ಬೇಸಿಗೆ ಬಂತೆಂದರೆ, ಮುಂದಿನ ವರ್ಷ ಕಾರ್ಯಭಾರ ಎಷ್ಟು ಬರುತ್ತದೆ, ಪಟ್ಟಿಯಲ್ಲಿ ಹೆಸರಿರುತ್ತದೆಯೇ, ಯಾರೂ ಹೇಳರು. ಕೇಳಿದರೆ ‘ನಿಮ್ಮದೇನೂ ತೊಂದರೆಯಿಲ್ಲ, ನೋಡೋಣ’ ಎಂಬ ಉತ್ತರ. ಕಾರಿಡಾರಿನಲ್ಲಿ ಎದುರಾದ ಸಹೋದ್ಯೋಗಿಗಳು ಪ್ರೀತಿಯಿಂದಲೇ ಕೇಳುತ್ತಾರೆ, ‘ಏನ್ ಸರ್, ಈ ವರ್ಷ ಇದ್ದೀರಾ?’ ಒಂದು ವರ್ಷ ಫಲಿತಾಂಶ ತುಸು ಇಳಿದಾಗ ತರಗತಿಯ ಹಿಂದಿನ ಸಾಲಿನಲ್ಲಿ ಹಿರಿಯರೊಬ್ಬರು ಬಂದು ಕೂರತೊಡಗಿದರು. ಪಂಪನನ್ನು ಪಾಠ ಮಾಡುವಾಗ ಅಲ್ಲಿಯವರೆಗೆ ಸಹಜವಾಗಿ ಬರುತ್ತಿದ್ದ ಪದ್ಯದ ಅನ್ವಯ ಅಂದು ನಾಲಗೆಯ ತುದಿಯಲ್ಲೇ ನಿಂತಿತು. ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ. ಮನಸ್ಸು ಅರ್ಧ ಪಾಠದಲ್ಲಿತ್ತು, ಅರ್ಧ ಹಿಂದಿನ ಸಾಲಿನಲ್ಲಿತ್ತು. ಕಪ್ಪು ಹಲಗೆಯ ಮುಂದೆ ಹೀಗಾದರೆ ಹೆಚ್ಚೆಂದರೆ ಒಂದು ತಾಸು ಹಾಳಾಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಾಲ್ಕಾರು ಸ್ಥಾನಗಳು ಕೈತಪ್ಪುವ ಕಡೆ ಆ ಅರ್ಧ ಮನಸ್ಸಿನ ಬೆಲೆ ಏನೆಂಬುದನ್ನು ಪೆರೆಜ್ ಅವರ ಆ ಹತ್ತು ಪಂದ್ಯಗಳಲ್ಲಿ ನೋಡಬಹುದು.

ಹಾಗೆಂದು ತಂಡ ನಡೆಸುವವರನ್ನು ಕಲ್ಲೆದೆಯವರೆನ್ನುವುದು ನ್ಯಾಯವಲ್ಲ. ಒಂದೊಂದು ದೊಡ್ಡ ತಂಡದ ಕಾರ್ಖಾನೆಯಲ್ಲಿ ಸಾವಿರಕ್ಕೂ ಮಿಕ್ಕಿ ಜನ ದುಡಿಯುತ್ತಾರೆ. ರಾತ್ರಿಯಿಡೀ ಕೂತು ಕಾರಿನ ಬಿಡಿಭಾಗ ತಯಾರಿಸಿದ ಕೆಲಸಗಾರನ ದುಡಿಮೆಯ ಫಲವೂ ಆ ಎರಡನೆಯ ಕಾರಿನ ಚಾಲಕನ ಕೈಯಲ್ಲಿರುತ್ತದೆ. 2024ರಲ್ಲಿ ವೆರ್‌ಸ್ಟಾಪೆನ್ ವಿಶ್ವಚಾಂಪಿಯನ್ ಆದರೂ ತಂಡಗಳ ಸಾಲಿನಲ್ಲಿ ರೆಡ್ ಬುಲ್ ಮೂರನೆಯ ಸ್ಥಾನಕ್ಕಿಳಿಯಿತು: ಮೆಕ್‌ಲಾರೆನ್ 666, ಫೆರಾರಿ 652, ರೆಡ್ ಬುಲ್ 589. ಪೆರೆಜ್ ಅವರ ಇಡೀ ವರ್ಷದ ಗಳಿಕೆ 152. ಕಾಯಕದ ಬೆಲೆ ಬಲ್ಲ ನಮ್ಮಂಥವರಿಗೆ ಆ ಕೆಲಸಗಾರರ ಪಕ್ಷವೂ ಕಣ್ಣಿಗೆ ಬೀಳಬೇಕು. ಚಾಲಕನನ್ನು ಬದಲಿಸುವ ಹಕ್ಕು ತಂಡಕ್ಕಿದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು. ನನ್ನ ಆಕ್ಷೇಪ ಬೇರೆಡೆ ಇದೆ. ತೂಗುಯ್ಯಾಲೆಯಲ್ಲಿಟ್ಟು ಓಡಿಸುವುದರಿಂದ ಯಾರಿಗೆ ಲಾಭವಾಯಿತು? ಒತ್ತಡ ಹಾಕಿದರೆ ಚಾಲಕ ವೇಗವಾಗುತ್ತಾನೆಂದು ನಂಬುವವರಿದ್ದಾರೆ. ನಾನು ಓದಿದ ಈ ವರ್ಷಗಳ ಕಥೆಯಲ್ಲಿ ಅದಕ್ಕೆ ಆಧಾರ ಬಲು ಕಡಿಮೆ.

ಆ ಕಾರಿನ ವಿಷಯವನ್ನೂ ಹೇಳಬೇಕು. ರೆಡ್ ಬುಲ್ ಕಾರಿನ ಮುಂಭಾಗ ಅತಿ ಚುರುಕಾಗಿ ತಿರುಗುವಂಥದ್ದು. ವೆರ್‌ಸ್ಟಾಪೆನ್ ಅವರಿಗೆ ಅದೇ ಇಷ್ಟ, ಉಳಿದವರಿಗೆ ಹಿಂಭಾಗ ಕೈಮೀರುವ ಅಂಜಿಕೆ. ಕಂಪ್ಯೂಟರಿನ ಮೌಸನ್ನು ಮುಟ್ಟಿದರೆ ಸಾಕು ಬಾಣದ ಗುರುತು ತೆರೆಯ ಆಚೆಗೇ ಓಡುವಷ್ಟು ಸೂಕ್ಷ್ಮವಾಗಿಟ್ಟಂತೆ ಎಂದು ಆಲ್ಬನ್ ಆಮೇಲೆ ಅದನ್ನು ವಿವರಿಸಿದ್ದಾರೆ. 2019ರಲ್ಲಿ ಪಿಯರ್ ಗ್ಯಾಸ್ಲಿ ಹನ್ನೆರಡು ಪಂದ್ಯಗಳಿಗೆ ಆ ಕುರ್ಚಿಯಿಂದ ಇಳಿದರು. ಮರುವರ್ಷ ಅದೇ ಸಂಸ್ಥೆಯ ಸಣ್ಣ ತಂಡದ ಕಾರಿನಲ್ಲಿ ಮೊಂಜಾದಲ್ಲಿ ಗೆದ್ದರು. ಇಳಿದವರೆಲ್ಲ ಅಶಕ್ತರೆನ್ನಲು ಬರುವುದಿಲ್ಲ. ಒಬ್ಬನ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬನಿಗೆ ಕೂರಲಿಲ್ಲವೆಂದು ಮೈಯನ್ನು ದೂರಿದಂತಾಯಿತು ಇದು.

ಪೆರೆಜ್ ನಂತರ ಆ ಕುರ್ಚಿಗೆ ಬಂದವರು ನ್ಯೂಜಿಲೆಂಡಿನ ಲಿಯಾಮ್ ಲಾಸನ್. ಅಲ್ಲಿಯವರೆಗೆ ಓಡಿಸಿದ್ದು ಒಟ್ಟು ಹನ್ನೊಂದೇ ಪಂದ್ಯ. 2025ರ ಮೊದಲೆರಡು ಪಂದ್ಯಗಳು ಮೆಲ್ಬರ್ನ್ ಮತ್ತು ಶಾಂಘೈಗಳಲ್ಲಿ. ಎರಡೂ ಹಾದಿಗಳಲ್ಲಿ ಅವರು ಹಿಂದೆ ಸ್ಪರ್ಧಿಸಿರಲಿಲ್ಲ. ಅರ್ಹತಾ ಸುತ್ತುಗಳಲ್ಲಿ ಒಮ್ಮೆ 18ನೆಯವರಾದರು, ಚೀನಾದಲ್ಲಿ ಎರಡೂ ಬಾರಿ ಕೊನೆಯವರಾದರು. ಮಾರ್ಚ್ 27ರಂದು ಅವರನ್ನು ಕೆಳಗಿನ ತಂಡಕ್ಕೆ ಕಳುಹಿಸಿ, ಜಪಾನಿನ ಯೂಕಿ ಸುನೋಡ ಅವರನ್ನು ತಂದರು. ಎರಡೇ ಪಂದ್ಯ! ಪೆರೆಜ್ ಅವರನ್ನು ತಿಂಗಳುಗಟ್ಟಲೆ ತೂಗಾಡಿಸಿದ ಅದೇ ಆಡಳಿತ ಇಲ್ಲಿ ಉಸಿರೆಳೆಯಲೂ ಬಿಡಲಿಲ್ಲ. ಜುಲೈ 9ರಂದು, ಈ ನಿರ್ಣಯಗಳನ್ನು ಕೈಗೊಂಡ ತಂಡದ ಮುಖ್ಯಸ್ಥ ಕ್ರಿಶ್ಚಿಯನ್ ಹಾರ್ನರ್ ಅವರನ್ನೇ ಸಂಸ್ಥೆ ಹುದ್ದೆಯಿಂದ ತೆಗೆಯಿತು. ಇಪ್ಪತ್ತು ವರ್ಷ ಆ ತಂಡವನ್ನು ನಡೆಸಿದವರು.

ಅದೇ ವರ್ಷ ಆಲ್ಪೈನ್ ತಂಡದ ಜಾಕ್ ಡೂಹನ್ ಅವರ ಪಾಡು ಇದಕ್ಕಿಂತ ವಿಚಿತ್ರ. ಅವರ ಪೂರ್ಣ ಋತು ಆರಂಭವಾಗುವ ಮೊದಲೇ, ಜನವರಿಯಲ್ಲಿ, ತಂಡ ಅರ್ಜೆಂಟೀನಾದ ಫ್ರಾಂಕೊ ಕೊಲಪಿಂಟೊ ಅವರನ್ನು ಮೀಸಲು ಚಾಲಕರಾಗಿ ಕರೆತಂದು ಬೆನ್ನ ಹಿಂದೆ ನಿಲ್ಲಿಸಿತು. ಆರು ಪಂದ್ಯಗಳಾದ ಮೇಲೆ ಮೇ 7ರಂದು ಬದಲಾವಣೆ ಪ್ರಕಟವಾಯಿತು. ಬದಲಿಗೆ ಬಂದ ಕೊಲಪಿಂಟೊ ಆ ಋತುವಿನಲ್ಲಿ ಒಂದೂ ಅಂಕ ಗಳಿಸಲಾಗಲಿಲ್ಲ.

ರಿಕಾರ್ಡೊ ಅವರ ಕೊನೆಯನ್ನು ಹೇಳದೆ ಬಿಟ್ಟೆ. ಮೆಕ್‌ಲಾರೆನ್ ಬಿಟ್ಟ ಮೇಲೆ 2023ರಲ್ಲಿ, ಹತ್ತು ಪಂದ್ಯಗಳಿಗೇ ಇಳಿಸಲ್ಪಟ್ಟ ನಿಕ್ ಡಿ ಫ್ರೀಸ್ ಅವರ ಜಾಗದಲ್ಲಿ ರೆಡ್ ಬುಲ್‌ನ ಕೆಳಗಿನ ತಂಡಕ್ಕೆ ಮರಳಿದ್ದರು. 2024ರ ಸೆಪ್ಟೆಂಬರ್ 22ರ ಸಿಂಗಪುರ ಪಂದ್ಯದ ಹೊತ್ತಿಗೆ ಅದು ಅವರ ಕೊನೆಯ ಪಂದ್ಯವೆಂಬುದು ಎಲ್ಲರಿಗೂ ಗೊತ್ತಿತ್ತು, ಅಧಿಕೃತವಾಗಿ ಯಾರೂ ಹೇಳಿರಲಿಲ್ಲ. ಕೊನೆಯ ಸುತ್ತುಗಳಲ್ಲಿ ಹೊಸ ಟೈರು ಹಾಕಿಸಿಕೊಂಡು ಅತಿ ವೇಗದ ಸುತ್ತು ಓಡಿದರು. ಪಂದ್ಯ ಮುಗಿದ ಮೇಲೆ ಕಾರಿನಿಂದಿಳಿಯದೆ ಬಹಳ ಹೊತ್ತು ಅದರಲ್ಲೇ ಕುಳಿತಿದ್ದರು. ಘೋಷಣೆ ಬಂದದ್ದು ನಾಲ್ಕು ದಿನ ಕಳೆದು, ಸೆಪ್ಟೆಂಬರ್ 26ರಂದು. ಎಂಟು ಪಂದ್ಯ ಗೆದ್ದವನಿಗೆ, ಇದು ನಿನ್ನ ಕೊನೆಯ ಪಂದ್ಯ, ಎಲ್ಲರಿಗೂ ಕೈಮುಗಿದು ಬಾ ಎಂದು ಮೊದಲೇ ಸಾರುವುದಕ್ಕೆ ಎಷ್ಟು ಖರ್ಚಾಗುತ್ತಿತ್ತು?

2025ರ ಸೆಪ್ಟೆಂಬರ್ 21ರಂದು ಬಾಕು ನಗರದ ಪಂದ್ಯದಲ್ಲಿ ಇಳಿಸಲ್ಪಟ್ಟ ಲಾಸನ್ ಐದನೆಯವರಾದರು, ಅವರ ಜಾಗಕ್ಕೆ ಬಂದ ಸುನೋಡ ಆರನೆಯವರಾದರು, ಮುಂದೆ ಸುನೋಡ ಅವರ ಜಾಗಕ್ಕೆ ಬರಲಿದ್ದ ಐಸಾಕ್ ಹಜಾರ್ ಹತ್ತನೆಯವರಾದರು. ಒಂದೇ ಕುರ್ಚಿಯ ಮೂವರು ಒಂದೇ ಹಾದಿಯಲ್ಲಿದ್ದ ದಿನ ಅದು. ಡಿಸೆಂಬರ್ 2ರಂದು ಸಂಸ್ಥೆ 2026ರ ನಿರ್ಣಯವನ್ನು ಪ್ರಕಟಿಸಿತು: ಹಜಾರ್ ಮೇಲಕ್ಕೆ, ಲಾಸನ್ ಇದ್ದಲ್ಲಿಯೇ, ಸುನೋಡ ಅವರಿಗೆ ಕುರ್ಚಿಯಿಲ್ಲ, ಮೀಸಲು ಚಾಲಕರಾಗಿರಬಹುದು. ಇನ್ನೊಂದು ಪಂದ್ಯ ಬಾಕಿಯಿತ್ತು. ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ವೆರ್‌ಸ್ಟಾಪೆನ್, ನಾರಿಸ್ ಮತ್ತು ಪಿಯಾಸ್ಟ್ರಿ ನಡುವೆ ವಿಶ್ವಪಟ್ಟದ ತೀರ್ಮಾನವಾಗಬೇಕಿತ್ತು. ಐದು ದಿನದ ಹಿಂದಷ್ಟೇ ಕೆಲಸ ಹೋದ ಸುದ್ದಿ ಪ್ರಕಟವಾಗಿದ್ದ ಸುನೋಡ, ಜೊತೆಗಾರನಿಗೆ ನೆರವಾಗಲೆಂದು ನಾರಿಸ್ ಅವರನ್ನು ತಡೆಯಲು ಎಡಕ್ಕೂ ಬಲಕ್ಕೂ ಹೊರಳಿದರು, ಅದಕ್ಕಾಗಿ ಐದು ಸೆಕೆಂಡುಗಳ ದಂಡವನ್ನೂ ಹೊತ್ತರು. ನಾರಿಸ್ ದಾಟಿ ಹೋದರು. ಎರಡೇ ಅಂಕಗಳ ಅಂತರದಲ್ಲಿ ಪಟ್ಟ ಅವರದಾಯಿತು.